ಪಡುವಣ ಕಟ್ಟೆಯ ಹಗ್ಗ

ಆ ಊರಿನ ಮೇಲೆ ಆಕಾಶದಿಂದ ಬೂದಿ ಬೀಳುತ್ತಿತ್ತು. ಎಲ್ಲೋ ಏನೋ ಉರಿಯುತ್ತಿರಬೇಕು. ಏನು ಉರಿಯುತ್ತಿದೆ ಎಂದು ಹುಡುಕಿಕೊಂಡು ಹೋದವರು ಯಾರೂ ಇರಲಿಲ್ಲ. ಬೂದಿ ಬೀಳುತ್ತದೆ, ತಲೆ ಕಾಯ್ದುಕೊಳ್ಳಬೇಕು, ಅಷ್ಟೇ. ಹಾಗಾಗಿ ಊರು ಕಟ್ಟಿದವರೆಲ್ಲ ಸೇರಿ ಊರಿನಷ್ಟೇ ಅಗಲದ ಒಂದು ಮೇಲ್ಕಟ್ಟು ನೇಯ್ದರು. ಮನೆ ಮನೆಯವರೂ ತಮ್ಮ ತಮ್ಮ ಪಟ್ಟಿ ನೇಯ್ದು ತಂದರು. ಪಟ್ಟಿಗೆ ಪಟ್ಟಿ ಹೊಲಿದು, ನಾಲ್ಕು ಅಂಚಿಗೆ ನಾಲ್ಕು ಹಗ್ಗ ಕಟ್ಟಿ, ಮೂಡಣಕ್ಕೆ, ತೆಂಕಣಕ್ಕೆ, ಪಡುವಣಕ್ಕೆ, ಬಡಗಣಕ್ಕೆ ಒಂದೊಂದು ಕಲ್ಲಿನ ಕಟ್ಟೆ ಎಬ್ಬಿಸಿದರು. ಕಟ್ಟೆಯ ಮೇಲೆ ಕೂತು ಹಗ್ಗ ಹಿಡಿಯಲು ತಮ್ಮೊಳಗಿನ ನಾಲ್ವರನ್ನು ಆರಿಸಿದರು.

ಆರಿಸುವ ರೀತಿ ಹೀಗಿತ್ತು. ಪಟ್ಟಿಯುಳ್ಳವರೆಲ್ಲ ನೆಟ್ಟಗೆ ನಿಂತು, ಕೋಲಿನ ತುದಿಯಲ್ಲಿ ಮರದ ಅಂಗೈ ಸಿಕ್ಕಿಸಿ, ಮೇಲೆತ್ತಿ, ತಮ್ಮ ತಮ್ಮ ಪಟ್ಟಿಯನ್ನು ಮುಟ್ಟಬೇಕು. ಆಗ ಮೇಲ್ಕಟ್ಟು ಅಷ್ಟು ಎತ್ತರದಲ್ಲಿತ್ತು. ಅದರ ಕೆಳಗೆ ಹಕ್ಕಿಗಳು ಹಾರುತ್ತಿದ್ದವು ಎಂದು ಮುದುಕರು ಹೇಳುತ್ತಿದ್ದರು. ಈಗಿನವರು ಅದನ್ನು ನಂಬುತ್ತಿರಲಿಲ್ಲ.

ನಂಬದಿರುವುದಕ್ಕೆ ಕಾರಣವಿತ್ತು. ಒಂದು ವರ್ಷ ದೊಡ್ಡ ಗಾಳಿ ಬಂತು. ಪಡುವಣ ಕಟ್ಟೆಯವನು ಅಂಗೈಯ ಚರ್ಮ ಕಿತ್ತು ಬರುವ ತನಕ ಹಗ್ಗ ಹಿಡಿದ. ಕೊನೆಗೆ, ಬಟ್ಟೆ ಹರಿದುಹೋಗದಿರಲಿ ಎಂದು ಒಂದು ಮೊಳ ಇಳಿಸಿದ. ಒಂದು ಅಂಚು ಇಳಿದರೆ ಉಳಿದ ಅಂಚುಗಳೂ ಇಳಿಯಬೇಕು. ಹಾಗಾಗಿ ಉಳಿದ ಮೂವರೂ ಇಳಿಸಿದರು. ಮೇಲ್ಕಟ್ಟು ಉಳಿಯಿತು. ಊರು ಕಣ್ಣೀರು ಹಾಕಿ ಪಡುವಣದವನಿಗೆ ಶಾಲು ಹೊದಿಸಿತು. ಗಾಳಿ ಹೋಯಿತು, ಇಳಿದ ಮೊಳ ಮಾತ್ರ ಏರಲಿಲ್ಲ. ಮರುವರ್ಷ, ಗಾಳಿ ಬಂದರೂ ಬರಬಹುದು ಎಂದು ಇನ್ನೊಂದು ಮೊಳ ಇಳಿಯಿತು. ಅದರಾಚೆಯ ವರ್ಷ ಏನೂ ಹೇಳದೆಯೇ ಇಳಿಯಿತು. ಎತ್ತಿ ಹಿಡಿಯುವುದಕ್ಕಿಂತ ಇಳಿಸಿ ಹಿಡಿಯುವುದು ತೋಳಿಗೆ ಹಗುರ. ತೋಳಿಗೆ ಹಗುರವಾದದ್ದು ಬಲುಬೇಗ ಕ್ರಮವಾಗುತ್ತದೆ.

ಬಟ್ಟೆ ಇಳಿದಾಗಲೆಲ್ಲ ಜನ ತಮ್ಮ ಮನೆಯ ಗೋಡೆಯಿಂದ ಒಂದು ಸಾಲು ಕಲ್ಲು ಕಳಚಿದರು. ಮೊದಲು ಎತ್ತರದವರು ತಲೆ ತಗ್ಗಿಸಿದರು, ಆಮೇಲೆ ಗಿಡ್ಡನೆಯವರೂ ತಗ್ಗಿಸಿದರು. ತಲೆಯ ಮೇಲಿದ್ದ ಕೊಡ ಸೊಂಟಕ್ಕೆ ಬಂತು. ಕುತ್ತಿಗೆ ಬಗ್ಗಿತು, ಬೆನ್ನು ಬಗ್ಗಿತು, ಬಗ್ಗಿದ ಬೆನ್ನಿಗೆ ಬಟ್ಟೆ ಬಂದು ತಾಗಿತು. ಬೀದಿಯಲ್ಲಿ ಇಬ್ಬರು ಎದುರಾದರೆ ಒಬ್ಬರ ಕಾಲನ್ನೊಬ್ಬರು ನೋಡಿ ಗುರುತು ಹಿಡಿಯುವ ರೂಢಿ ಬಂತು.

ಪಡುವಣದವನಿಗೆ ಇದ್ಯಾವುದೂ ತಾಗಲಿಲ್ಲ. ಕಟ್ಟೆ ಮೇಲ್ಕಟ್ಟಿನ ಅಂಚಿನಾಚೆ ಇತ್ತು, ಅದಕ್ಕೆ ತನ್ನದೇ ಕಲ್ಲಿನ ಚಾವಣಿ ಇತ್ತು. ಊಟ ಅಲ್ಲಿಗೇ ಬರುತ್ತಿತ್ತು. ಅವನು ನೆಟ್ಟಗೆ ಕೂರುತ್ತಿದ್ದ, ನೆಟ್ಟಗೆ ನಿಲ್ಲುತ್ತಿದ್ದ. ಹಗ್ಗವನ್ನು ಒಂದು ಕಲ್ಲಿಗೆ ಸುತ್ತಿ, ಕಲ್ಲಿನ ಮೇಲೆ ಊರು ಕೊಟ್ಟ ಶಾಲನ್ನು ಹೊದಿಸಿ, ಹಗ್ಗದ ತುದಿಯನ್ನು ಮಾತ್ರ ಕೈಯಲ್ಲಿ ಹಿಡಿದಿರುತ್ತಿದ್ದ. ಹಗ್ಗವನ್ನು ಕಲ್ಲಿಗೆ ಕಟ್ಟಬಾರದು ಎಂಬುದು ಊರಿನ ಮೊದಲ ಕಟ್ಟಳೆ. ಶಾಲಿನ ಕೆಳಗೆ ಏನಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಶಾಲು ತಾವೇ ಹೊದಿಸಿದ್ದಲ್ಲವೇ? ಎಳೆದು ನೋಡುವುದು ಹೇಗೆ?

ಆ ಊರಿನಲ್ಲಿ ಸತ್ತವರಿಗಿದ್ದ ಮರ್ಯಾದೆ ಒಂದೇ: ನಾಲ್ವರ ಹೆಗಲ ಮೇಲೆ ಊರ ಹೊರಗೆ ಹೋಗುವುದು. ಬಟ್ಟೆ ಬೆನ್ನಿಗೆ ತಾಗಿದ ಮೇಲೆ ಚಟ್ಟ ಎತ್ತುವಷ್ಟು ಜಾಗ ಎಲ್ಲಿಂದ ಬರಬೇಕು? ಹೆಣವನ್ನು ಬಿದಿರಿನ ತಟ್ಟಿಯ ಮೇಲೆ ಮಲಗಿಸಿ, ಬಗ್ಗಿಕೊಂಡೇ ಎಳೆದುಕೊಂಡು ಹೋಗತೊಡಗಿದರು. ತಟ್ಟಿ ಬೂದಿಯಲ್ಲಿ ಎರಡು ಗೆರೆ ಎಳೆಯುತ್ತಿತ್ತು, ಹಿಂದಿನಿಂದ ಹೆಂಗಸರು ಗುಡಿಸುತ್ತಿದ್ದರು.

ಈ ಕಥೆ ಒಬ್ಬ ಮಗಳದ್ದು. ಅವಳ ತಂದೆಯನ್ನು ಹಾಗೆ ಎಳೆದರು. ದಾರಿಯಲ್ಲಿ ಕಲ್ಲು ಸಿಕ್ಕಿದಾಗಲೆಲ್ಲ ಅವನ ತಲೆ ಅತ್ತಿತ್ತ ಹೊರಳಿ, ಬೇಡ ಬೇಡ ಎನ್ನುವಂತೆ ಆಡಿತು. ಮಗಳು ಅದನ್ನು ನೋಡಿದಳು. ಅವಳ ಪಕ್ಕದಲ್ಲಿ ನಡೆಯುತ್ತಿದ್ದ ತಾಯಿಯೂ ನೋಡಿದಳು. ಇಬ್ಬರೂ ಆ ಮಾತು ಎತ್ತಲಿಲ್ಲ.

ಈಗ ತಾಯಿ ಹಾಸಿಗೆ ಹಿಡಿದಿದ್ದಳು. ಮೇಲ್ಕಟ್ಟು ನೇಯ್ದ ಕೈಗಳಲ್ಲಿ ಉಳಿದಿದ್ದ ಕೆಲವೇ ಕೈಗಳಲ್ಲಿ ಅವಳವೂ ಇದ್ದವು. ಪಡುವಣದವನು ಅವಳ ತಮ್ಮ. ಅವನಿಗೆ ಹಗ್ಗ ಕೊಡುವ ದಿನ ಎಲ್ಲರಿಗಿಂತ ಮೊದಲು ಕೋಲೆತ್ತಿದವಳು ಅವಳೇ. ಒಂದು ಬೆಳಿಗ್ಗೆ ಗಂಜಿ ಬೇಡವೆಂದು ಪಕ್ಕಕ್ಕೆ ತಳ್ಳಿ, ಮಗಳ ಮುಖ ನೋಡದೆ, ತನ್ನನ್ನು ಎಳೆಯಬಾರದು ಎಂದಳು.

ಮಗಳು ಹಾಗಾದರೆ ಮಾವನನ್ನು ಕಟ್ಟೆಯಿಂದ ಇಳಿಸಬೇಕಾಗುತ್ತದಲ್ಲ ಎಂದಳು.

"ಅವನನ್ನು ಇಳಿಸು ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಎತ್ತಿ ಆಡಿಸಿದವಳು ನಾನು. ಹೆಗಲ ಮೇಲೆ ಹೋಗಬೇಕು ಅಂತ ಮಾತ್ರ ಹೇಳಬಲ್ಲೆ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದಳು.

ಹಗ್ಗ ಹಿಡಿದವನನ್ನು ಇಳಿಸಬಹುದು ಎಂಬುದೇ ಊರಿಗೆ ಮರೆತಿತ್ತು. ಮರೆತಿತ್ತು ಎಂದರೆ ಸುಳ್ಳಾದೀತು. ವರ್ಷಕ್ಕೊಮ್ಮೆ ಎಲ್ಲರೂ ಅದನ್ನು ಕೇಳುತ್ತಿದ್ದರು. ವರ್ಷಕ್ಕೊಮ್ಮೆ ಪಡುವಣ ಕಟ್ಟೆಯ ಮುಂದೆ ಸಭೆ ಸೇರುತ್ತಿತ್ತು. ಆಗ ಸಾರುವವನು ಎದ್ದು ಊರಿನ ಕಟ್ಟಳೆಗಳನ್ನೆಲ್ಲ ಒಂದೇ ಉಸಿರಿನಲ್ಲಿ ಸಾರುತ್ತಿದ್ದ. ಒಂದು ಮಾತು ಮತ್ತೊಂದರ ಬಾಲ ಹಿಡಿದು ಓಡುತ್ತಿತ್ತು. ಕೇಳುವವರಿಗೆ ಜೇನಿನ ಗುಂಯ್‌ಗುಡುವಿಕೆಯಷ್ಟೇ ಕೇಳುತ್ತಿತ್ತು. ಅದು ಮುಗಿದ ಕೂಡಲೇ ಪಾನಕ, ಕೋಸಂಬರಿ ಬರುತ್ತಿದ್ದವು. ಜನ ಬರುತ್ತಿದ್ದುದು ಅದಕ್ಕೆ.

ಸಭೆಗೆ ಮೊದಲು ಪಡುವಣದವನ ಆಳು ಕೆಮ್ಮಣ್ಣಿನ ಕುಡಿಕೆ, ಬಟ್ಟೆಯ ಚೂರುಗಳನ್ನು ಹಿಡಿದು ಮನೆ ಮನೆಗೆ ಬರುತ್ತಿದ್ದ. ನಿಮಗೆ ನೂರು ಕೆಲಸವಿರುತ್ತದೆ, ಬಗ್ಗಿಕೊಂಡು ಅಷ್ಟು ದೂರ ಯಾಕೆ ಬರುತ್ತೀರಿ, ಅಂಗೈ ಅಚ್ಚು ಒತ್ತಿ ಕೊಡಿ, ಅದೇ ನಿಮ್ಮ ಪರವಾಗಿ ಬಟ್ಟೆ ಮುಟ್ಟುತ್ತದೆ ಎನ್ನುತ್ತಿದ್ದ. ಎಲ್ಲರೂ ಒತ್ತಿ ಕೊಡುತ್ತಿದ್ದರು. ಕೊಟ್ಟು, ಪಾನಕಕ್ಕೆಂದು ಹೇಗಿದ್ದರೂ ಬರುತ್ತಿದ್ದರು. ಬಂದವರು ಬಲಗೈ ಮುಷ್ಟಿ ಕಟ್ಟಿ ಕೂರುತ್ತಿದ್ದರು. ಅಂಗೈಯನ್ನು ಇನ್ನೊಬ್ಬರಿಗೆ ಕೊಟ್ಟಾಗಿದೆ, ಕೊಟ್ಟ ಅಂಗೈಯನ್ನು ಸಭೆಯಲ್ಲಿ ಬಿಚ್ಚಿ ತೋರಿಸುವುದು ಮಾತು ತಪ್ಪಿದ ಹಾಗೆ ಎಂದು ಅವರ ಎಣಿಕೆ. ಪಾನಕವನ್ನು ಎಡಗೈಯಲ್ಲಿ ಹಿಡಿದು ಕುಡಿಯುವ ಸಂಭಾವಿತರ ಊರು ಅದೊಂದೇ ಇದ್ದಿರಬೇಕು.

ಮಗಳು ಸಾರುವವನ ಮನೆಗೆ ಹೋದಳು. ಅವನು ತೀರ ಮುದುಕ, ಕಿವಿ ಅರ್ಧ ಮಂದ. ವರ್ಷ ವರ್ಷ ಹೇಳುವುದನ್ನು ಒಮ್ಮೆ ನಿಧಾನವಾಗಿ ಹೇಳಬೇಕು ಎಂದು ಅವಳು ಕೇಳಿಕೊಂಡಳು.

"ನಿಧಾನವಾಗಿ ಹೇಳಿದರೆ ಮರೆತುಹೋಗುತ್ತದೆ ತಾಯಿ. ಓಡುತ್ತಾ ಕಲಿತದ್ದು, ಓಡುತ್ತಲೇ ಬರಬೇಕು."

ಹಾಗಾದರೆ ಓಡಲಿ ಎಂದಳು. ಅವನು ಹೇಳಿದ, ಅವಳಿಗೆ ಒಂದು ಮಾತು ಸಿಕ್ಕಿತು. ಮತ್ತೆ ಹೇಳಿಸಿದಳು, ಇನ್ನೊಂದು ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅವನ ಗಂಟಲು ಒಣಗಿತು. ಅವಳಿಗೆ ಬೇಕಾದದ್ದೆಲ್ಲ ಅವಳ ಮುಂದಿತ್ತು.

ಹಗ್ಗ ಕೈಯಲ್ಲಿರಬೇಕು, ಕಲ್ಲಿಗೆ ಕಟ್ಟಬಾರದು. ಹಗ್ಗ ಕೊಟ್ಟ ಅಂಗೈಗಳು ಹಗ್ಗ ಬಿಡಿಸಿಕೊಳ್ಳಬಹುದು. ಕಾರಣ ಕೇಳುವಂತಿಲ್ಲ. ಇಳಿಸುವ ಮನಸ್ಸಿದ್ದವರು ಸಭೆಯ ಹಿಂದಿನ ಅಮಾವಾಸ್ಯೆಗೇ ಹಗ್ಗಕ್ಕೆ ಕರಿದಾರ ಕಟ್ಟಿ ತಿಳಿಸಬೇಕು. ಇಳಿಯಬೇಕಾದವನಿಗೆ ಮಾತಾಡುವ ಹಕ್ಕುಂಟು, ಅವನ ಮಾತು ಮುಗಿಯುವ ತನಕ ಒಂದು ಅಂಗೈಯೂ ಮೇಲೇಳಬಾರದು. ಅರ್ಧಕ್ಕಿಂತ ಹೆಚ್ಚು ಅಂಗೈಗಳು ಬಟ್ಟೆ ಮುಟ್ಟಿದರೆ ಹಗ್ಗ ಅಲ್ಲೇ ಕೈ ಬದಲಾಗಬೇಕು. ಮುಟ್ಟದೆ ಸಭೆ ಚೆದುರಿದರೆ ಕರಿದಾರ ಬಿದ್ದಂತೆ, ಮತ್ತೆ ವರ್ಷ ಕಾಯಬೇಕು. ಅಚ್ಚು ಎಂದರೆ ಬರಲಾರದವರ ಅಂಗೈ. ಅವರೇ ಬಂದು ಕೂತರೆ ಅಚ್ಚು ಬರೀ ಮಣ್ಣು.

ಕೊನೆಯ ಮಾತನ್ನು ಮಗಳು ಎರಡು ಸಲ ಹೇಳಿಸಿದಳು. ಹಾಗಾದರೆ ಇಷ್ಟು ವರ್ಷ ನಾವು ಮುಷ್ಟಿ ಕಟ್ಟಿ ಕೂತದ್ದು ಯಾಕೆ ಅಜ್ಜ ಎಂದು ಕೇಳಿದಳು.

"ನಿಮಗೆಲ್ಲ ಚಳಿ ಅಂದುಕೊಂಡಿದ್ದೆ."

ಅವನು ತಮಾಷೆ ಮಾಡುತ್ತಿರಲಿಲ್ಲ. ಅವನನ್ನು ಯಾರೂ ಕೇಳಿರಲಿಲ್ಲ, ಕೇಳದವರಿಗೆ ಹೇಳುವುದು ಅವನ ಕೆಲಸವಾಗಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಮಗಳು ಪಡುವಣ ಕಟ್ಟೆಗೆ ಹೋಗಿ ಹಗ್ಗಕ್ಕೆ ಕರಿದಾರ ಕಟ್ಟಿದಳು. ಮೇಲಿನಿಂದ ಮಾವನ ದನಿ ಬಂತು.

"ಏನು ಹುಡುಗಿ, ಹಗ್ಗಕ್ಕೆ ದೃಷ್ಟಿಯಾಗಿದೆಯಾ?"

"ಇಲ್ಲ ಮಾವ. ತಿಳಿಸುತ್ತಿದ್ದೇನೆ."

ಅವನು ಅಕ್ಕ ಗಂಜಿ ಕುಡಿಯುತ್ತಾಳೋ ಇಲ್ಲವೋ ಎಂದು ವಿಚಾರಿಸಿದ. ಆಮೇಲೆ, ನನ್ನಿಂದ ಏನು ತಪ್ಪಾಯಿತು ಎಂದ. ಕಾರಣ ಕೇಳುವಂತಿಲ್ಲ ಎಂದು ಮಗಳು ನೆನಪಿಸಿದಳು.

"ಕೇಳುವಂತಿಲ್ಲ, ಒಪ್ಪಿದೆ. ಹೇಳಬಾರದು ಅಂತ ಏನೂ ಇಲ್ಲವಲ್ಲ."

ಅಮ್ಮ ಹೆಗಲ ಮೇಲೆ ಹೋಗಬೇಕಂತೆ ಎಂದು ಅವಳು ಹೇಳಿದಳು. ಅವನ ಮುಖ ಕಾಣಲು ಅವಳು ಬೂದಿಯ ಮೇಲೆ ಅಂಗಾತ ಮಲಗಬೇಕಿತ್ತು. ಅವಳು ಮಲಗಲಿಲ್ಲ. ಅವನ ಕಾಲುಗಳನ್ನು ನೋಡುತ್ತ ನಿಂತಳು. ನೆಟ್ಟಗಿನ ಕಾಲುಗಳು, ಬೂದಿ ಹತ್ತದ ಹಿಮ್ಮಡಿ.

"ಅಕ್ಕನಿಗೆ ಆ ಮರ್ಯಾದೆ ಸಲ್ಲಲಿ ಅಂತ ನನಗಿಲ್ಲವಾ? ಆದರೆ ಒಂದು ಹೆಣ ಸಾಗಿಸಲು ಊರಿನ ಬಟ್ಟೆ ಎತ್ತುವುದುಂಟಾ? ಬಿದ್ದರೆ ಎಲ್ಲರ ಮೇಲೂ ಬೀಳುತ್ತದೆ."

ಇದು ಬೆದರಿಕೆಯೋ ಕಳಕಳಿಯೋ ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ.

ಆ ತಿಂಗಳಿಡೀ ಅವಳು ಮನೆ ಮನೆಗೆ ಹೋದಳು. ಅಚ್ಚು ಕೊಟ್ಟಿದ್ದರೂ ಮುಷ್ಟಿ ಬಿಚ್ಚಬಹುದು ಎಂಬ ಒಂದೇ ಮಾತನ್ನು ಹೇಳಿದಳು. ಕೆಲವರು ನಿನ್ನ ಸೋದರಮಾವನಲ್ಲವೇ, ಮನೆಯ ಜಗಳವನ್ನು ಬೀದಿಗೆ ತರಬೇಡ ಎಂದರು. ಕೆಲವರು ಅವನನ್ನು ಇಳಿಸಿದ ಮೇಲೆ ಹಿಡಿಯುವವರು ಯಾರು, ನೀನಾ ಎಂದು ನಕ್ಕರು. ಒಬ್ಬ ಮುದುಕ, ನನಗೆ ಬಗ್ಗಿಯೇ ಅಭ್ಯಾಸ, ನೆಟ್ಟಗೆ ನಿಂತು ನೋಡಬೇಕಾದದ್ದು ಇನ್ನೇನಿದೆ ಎಂದ. ಪಕ್ಕದ ಮನೆಯ ಎಣ್ಣೆ ವ್ಯಾಪಾರಿಗೆ ಇವರ ಮನೆಯ ಉಪ್ಪು ಹುಳಿ ಎಲ್ಲ ಗೊತ್ತಿತ್ತು, ತಂದೆಯ ತಟ್ಟಿ ಎಳೆದವರಲ್ಲಿ ಅವನೂ ಒಬ್ಬ. ಅವನು ಮಾತ್ರ ಸಿಟ್ಟಾದ.

"ಕೊಟ್ಟ ಅಂಗೈ ವಾಪಸು ತೆಗೆದುಕೊಳ್ಳುವುದು ಉಗುಳಿದ್ದನ್ನು ನುಂಗಿದ ಹಾಗೆ. ನನ್ನಿಂದ ಆಗದು ತಂಗಿ. ಬಡವನಾದರೂ ಮಾತಿಗೆ ತಪ್ಪಿದವನಲ್ಲ."

ಅವನು ಪ್ರಾಮಾಣಿಕ. ಆ ಊರನ್ನು ಬಗ್ಗಿಸಿಟ್ಟದ್ದರಲ್ಲಿ ಪಡುವಣದವನ ಸೋಮಾರಿತನಕ್ಕೆ ಎಷ್ಟು ಪಾಲೋ, ಇಂಥವರ ಪ್ರಾಮಾಣಿಕತೆಗೂ ಅಷ್ಟೇ ಪಾಲು. ಮಗಳು ಇದನ್ನು ಅವನಿಗೆ ಹೇಳಲಿಲ್ಲ. ಕಟ್ಟಳೆಯ ಮಾತನ್ನೇ ಇನ್ನೊಮ್ಮೆ ಹೇಳಿ ಎದ್ದು ಬಂದಳು.

ಸಭೆಯ ದಿನ ತಾಯಿಯ ಉಸಿರು ಗೊರಗೊರ ಎನ್ನುತ್ತಿತ್ತು. ಬೀದಿಯಾಚೆಯ ಕುಂಬಾರತಿ ಬಂದು ತಲೆದೆಸೆಯಲ್ಲಿ ಕೂತಳು. ತಂದೆಯ ಪಟ್ಟಿ ಮಗಳಿಗೆ ಬಂದಿತ್ತು, ತಾಯಿಗೆ ತನ್ನದೇ ಪಟ್ಟಿ ಇತ್ತು. ತಾಯಿ ಕುಂಬಾರತಿಯ ಕೈಯಿಂದ ಕೆಮ್ಮಣ್ಣು ಕಲಸಿಸಿಕೊಂಡು, ಬಟ್ಟೆಯ ಚೂರಿನ ಮೇಲೆ ಅಂಗೈ ಒತ್ತಿ, ಮಗಳಿಗೆ ಕೊಟ್ಟಳು. ಯಾರನ್ನೂ ಇಳಿಸು ಎನ್ನಲಿಲ್ಲ. ಮಗಳು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಜನ ಎಂದಿಗಿಂತ ಹೆಚ್ಚು ಸೇರಿದ್ದರು. ಎಲ್ಲರೂ ಬಗ್ಗಿಕೊಂಡು ಬಂದು, ಬಗ್ಗಿಕೊಂಡೇ ಕೂತರು. ಬಲಗೈ ಮುಷ್ಟಿ ಕಟ್ಟಿತ್ತು. ಸಾರುವವನು ಕಟ್ಟಳೆಗಳನ್ನು ಓಡಿಸಿದ. ಆಮೇಲೆ, ಯಾರೂ ಕಂಡಿರದಿದ್ದುದನ್ನು ಮಾಡಿದ: ಹಗ್ಗದ ಮೇಲಿನ ಕರಿದಾರವನ್ನು ತೋರಿಸಿ, ಪಡುವಣದವನು ಮಾತಾಡಬಹುದು ಎಂದ.

ಪಡುವಣದವನು ಮಾತಾಡಿದ. ಗಾಳಿಯ ವರ್ಷದಿಂದ ಶುರು ಮಾಡಿದ. ಅಂಗೈ ತೋರಿಸಿದ, ಚರ್ಮ ಕಿತ್ತು ಬೆಳೆದ ಕಲೆ ಇನ್ನೂ ಇತ್ತು. ಸುಳ್ಳಲ್ಲ, ಎಲ್ಲರೂ ನೋಡಿದ್ದೇ. ಆ ರಾತ್ರಿ ಯಾರ ಮನೆಯಲ್ಲಿ ಯಾವ ಮಗು ಅಳುತ್ತಿತ್ತು ಎಂಬುದನ್ನೂ ಅವನು ನೆನಪಿಟ್ಟಿದ್ದ. ಹೆಸರು ಹಿಡಿದು ಹೇಳಿದ. ಜನರ ಕಣ್ಣು ತೇವವಾಯಿತು. ಆಮೇಲೆ ಭಾರದ ಮಾತು ಬಂತು. ಇಷ್ಟು ದೊಡ್ಡ ಬಟ್ಟೆ, ಅದರ ಮೇಲೆ ಇಷ್ಟು ವರ್ಷದ ಬೂದಿ, ಎಲ್ಲವನ್ನೂ ಹಿಡಿದಿರುವುದು ಈ ಒಂದು ಕೈ. ಈ ಕೈ ಬಿಟ್ಟ ಕ್ಷಣ ಅದು ನಿಮ್ಮ ಮೇಲೆ ಕವುಚಿಕೊಳ್ಳುತ್ತದೆ, ಬೂದಿಯ ಕೆಳಗೆ ಊರಿತ್ತೆಂದು ಹೇಳುವುದಕ್ಕೂ ಯಾರೂ ಉಳಿಯುವುದಿಲ್ಲ ಎಂದ. ಜನ ಇನ್ನೂ ಬಗ್ಗಿದರು. ಆಮೇಲೆ ಅಕ್ಕನ ಮಾತು ಬಂತು, ಅಕ್ಕನ ಹೊಟ್ಟೆಯಲ್ಲಿ ಹುಟ್ಟಿದವಳ ಮಾತು ಬಂತು. ಅವನ ಮಾತು ಮುಗಿಯುವಂತೆ ಕಾಣಲಿಲ್ಲ. ಒಂದು ನೆನಪಿನ ಬಾಲಕ್ಕೆ ಇನ್ನೊಂದನ್ನು ಗಂಟು ಹಾಕುತ್ತ ಹೋದ. ಪಾನಕ ತಿರುಗಿ ತಿರುಗಿ ಬಂತು. ನೆರಳು ಉದ್ದವಾಯಿತು. ಮುಗಿಯುವ ತನಕ ಅಂಗೈ ಏಳಬಾರದು ಎಂಬ ಕಟ್ಟಳೆ ಅವನಿಗೂ ಚೆನ್ನಾಗಿ ಗೊತ್ತಿತ್ತು. ಕತ್ತಲಾದರೆ ಸಭೆ ತಾನಾಗಿ ಚೆದುರುತ್ತದೆ ಎಂಬುದೂ ಗೊತ್ತಿತ್ತು.

ಹಿಂದಿನ ಸಾಲಿನಲ್ಲಿ ಒಬ್ಬ ಹುರುಪಿನವನು ಸಾಕು ನಿಲ್ಲಿಸು ಎಂದು ಏಳಹೋದ. ಮಗಳು ಅವನ ಪಂಚೆಯ ತುದಿ ಹಿಡಿದು ಕೂರಿಸಿದಳು. ಮಾವ ಮಾತಾಡುವುದು ಅವನ ಹಕ್ಕು, ಅದನ್ನು ಕಿತ್ತುಕೊಂಡು ಇಳಿಸಿದರೆ ನಾವು ಇಳಿಸಿದ್ದಾಗುವುದಿಲ್ಲ, ದೂಡಿದ್ದಾಗುತ್ತದೆ ಎಂದು ಪಿಸುಗುಟ್ಟಿದಳು.

ಆಗ ಕುಂಬಾರತಿ ಬಂದಳು. ಜನರ ನಡುವೆ ದಾರಿ ಮಾಡಿಕೊಂಡು, ಮಗಳ ಪಕ್ಕದಲ್ಲಿ ಕುಕ್ಕರಿಸಿ, ಹೋಗಿಬಿಟ್ಟಳು ಕಣೇ ಎಂದಳು. ಮೆಲ್ಲಗೆ ಹೇಳಿದ್ದೇ, ಆದರೆ ಅಷ್ಟು ಕೆಳಗಿಳಿದ ಬಟ್ಟೆಯ ಅಡಿಯಲ್ಲಿ ಯಾವ ಮಾತೂ ಮೆಲ್ಲಗೆ ಉಳಿಯುವುದಿಲ್ಲ. ಅದು ಸಭೆಯುದ್ದಕ್ಕೂ ಹರಿದು ಕಟ್ಟೆಯನ್ನು ಮುಟ್ಟಿತು.

ಪಡುವಣದವನು ಅರ್ಧ ಮಾತಿನಲ್ಲಿ ನಿಂತ. ಅವನ ಅಕ್ಕ ಸತ್ತಿದ್ದಳು. ಅವನ ಮುಖ ನಿಜಕ್ಕೂ ಸೊರಗಿತು, ಅದರಲ್ಲಿ ನಟನೆಯಿರಲಿಲ್ಲ. ಆದರೆ ಕೈ ಹಗ್ಗ ಬಿಡಲಿಲ್ಲ. ಕಣ್ಣೊರಸಿಕೊಂಡು, ಇದು ಸಾವಿನ ಹೊತ್ತು, ಸಭೆ ನಡೆಸುವ ಹೊತ್ತಲ್ಲ, ಎಲ್ಲರೂ ಏಳಿ, ಉಳಿದದ್ದನ್ನು ಇನ್ನೊಮ್ಮೆ ನೋಡೋಣ ಎಂದ.

ಅದು ಎಷ್ಟು ಸರಿಯಾದ ಮಾತಾಗಿತ್ತೆಂದರೆ ಸಭೆ ನಿಟ್ಟುಸಿರು ಬಿಟ್ಟಿತು. ಜನ ಏಳತೊಡಗಿದರು. ಮಗಳಿಗೂ ಕಾಲು ತಾವಾಗಿ ಏಳುತ್ತಿದ್ದವು. ಮನೆಯಲ್ಲಿ ತಾಯಿಯ ಬಾಯಿ ತೆರೆದಿರಬಹುದು, ಮುಚ್ಚುವವರಿಲ್ಲ. ಕಣ್ಣು ತೆರೆದಿರಬಹುದು. ಹೋಗಿ ಗೋಳೋ ಎನ್ನಬೇಕು, ಕೂದಲು ಬಿಚ್ಚಬೇಕು. ಹೋದರೆ ಸಭೆ ಚೆದುರುತ್ತದೆ, ಕರಿದಾರ ಬೀಳುತ್ತದೆ, ನಾಳೆ ಬೆಳಿಗ್ಗೆ ಬಿದಿರಿನ ತಟ್ಟಿ ಬರುತ್ತದೆ.

ಅವಳು ಕೂತಳು.

"ಮಾವ, ನಿಮ್ಮ ಮಾತು ಮುಗಿಯಿತೇ?"

ಎದ್ದವರು ಎದ್ದಲ್ಲೇ ನಿಂತರು.

"ನಿನಗೆ ಅಳು ಬರುವುದಿಲ್ಲವೇ ಹುಡುಗಿ?" ಎಂದು ಅವನು ಕೇಳಿದ.

"ಬರುತ್ತದೆ. ನಿಮ್ಮ ಮಾತು ಮುಗಿಯಿತೇ, ಅದನ್ನು ಹೇಳಿ. ಮುಗಿದಿಲ್ಲವಾದರೆ ಮಾತಾಡಿ, ನಾನು ಕೇಳುತ್ತೇನೆ. ಬೆಳಗಾಗುವ ತನಕ ಕೇಳುತ್ತೇನೆ."

ಎದ್ದವರಲ್ಲಿ ಒಬ್ಬೊಬ್ಬರಾಗಿ ಕೂತರು. ತಾಯಿಯನ್ನು ಕಳೆದುಕೊಂಡವಳೇ ಕೂತು ಕೇಳುತ್ತಿರುವಾಗ ಯಾರು ಎದ್ದು ಹೋದಾರು? ಪಡುವಣದವನು ಸಭೆಯನ್ನು ನೋಡಿದ. ಆಡಲು ಅವನಲ್ಲಿ ಇನ್ನೂ ಬೇಕಾದಷ್ಟಿತ್ತು. ಆದರೆ ಅಕ್ಕನ ಹೆಣ ಕಾಯುತ್ತಿರುವಾಗ ಮಾತಾಡುತ್ತಲೇ ಇರುವುದಕ್ಕೆ ಒಂದು ಬಗೆಯ ಎದೆ ಬೇಕು, ಅವನು ಅಷ್ಟು ಕೆಟ್ಟವನಾಗಿರಲಿಲ್ಲ.

"ಮುಗಿಯಿತು," ಎಂದ.

ಸಾರುವವನು ಅಂಗೈ ಎಂದು ಕೂಗಿದ.

ಮಗಳು ಮೊದಲು ಸೊಂಟದಿಂದ ತಾಯಿಯ ಅಚ್ಚನ್ನು ತೆಗೆದಳು. ಬಿಚ್ಚಿ ನೋಡಿದಳು. ಕೆಮ್ಮಣ್ಣು ಇನ್ನೂ ಹಸಿಯಿತ್ತು. ಬರಲಾರದವರ ಅಚ್ಚು ಅಂಗೈಗೆ ಸಮ, ಇಲ್ಲದವರದ್ದಲ್ಲ ಎಂದು ತಾನೇ ಹೇಳಿ, ಅದನ್ನು ಮತ್ತೆ ಮಡಚಿ ಒಳಗಿಟ್ಟಳು. ಯಾರೂ ಅವಳನ್ನು ಕೇಳಿರಲಿಲ್ಲ. ಆಮೇಲೆ ತನ್ನ ಅಂಗೈಯನ್ನು ಎತ್ತಿ ಬಟ್ಟೆಗೆ ಒತ್ತಿದಳು. ಎತ್ತುವುದೇನು ಬಂತು, ಬಟ್ಟೆ ಕಿವಿಯ ಹತ್ತಿರವೇ ಇತ್ತು. ಕೋಲು, ಮರದ ಅಂಗೈ ಯಾವುದೂ ಬೇಕಿರಲಿಲ್ಲ.

ಸ್ವಲ್ಪ ಹೊತ್ತು ಅವಳದೊಂದೇ ಅಂಗೈ ಇತ್ತು. ಆಮೇಲೆ ಕುಂಬಾರತಿಯದು ಬಂತು. ಆಮೇಲೆ, ನೆಟ್ಟಗೆ ನಿಂತು ನೋಡುವುದೇನಿದೆ ಎಂದಿದ್ದ ಮುದುಕನದು. ಮುಷ್ಟಿ ಬಿಚ್ಚುವುದು ಸುಲಭವಾಗಿರಲಿಲ್ಲ. ವರ್ಷ ವರ್ಷ ಕಟ್ಟಿದ ಬೆರಳುಗಳು ಕೀಲು ಹಿಡಿದಿದ್ದವು. ಅಲ್ಲೊಬ್ಬರು ಇಲ್ಲೊಬ್ಬರು ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಅನೇಕರು ಬಿಡಿಸಲೇ ಇಲ್ಲ. ಸಾರುವವನು ಬಗ್ಗಿಕೊಂಡು ಸಾಲು ಸಾಲು ನಡೆದು ಎಣಿಸಿದ, ಎಣಿಸಿ ಅರ್ಧ ಎಂದ. ಅರ್ಧವಾಯಿತು, ಅರ್ಧಕ್ಕಿಂತ ಹೆಚ್ಚಾಗಲಿಲ್ಲ ಎಂದ.

ಜನ ಮಗಳ ಸೊಂಟದ ಕಡೆ ನೋಡಿದರು. ಅವಳು ಅದನ್ನು ತೆಗೆಯಲಿಲ್ಲ.

ಎಣ್ಣೆ ವ್ಯಾಪಾರಿ ತಲೆ ತಗ್ಗಿಸಿ ಕೂತಿದ್ದ. ಅವನ ಮುಷ್ಟಿ ಮೊಣಕಾಲಿನ ಮೇಲಿತ್ತು. ಅವಳು ಯಾಕೆ ಆ ಅಚ್ಚನ್ನು ತೆಗೆಯುತ್ತಿಲ್ಲ ಎಂದು ಅವನು ಪಕ್ಕದವನನ್ನು ಕೇಳಿದ. ಅದು ಅವಳದಲ್ಲವಂತೆ ಎಂದು ಪಕ್ಕದವನು ಹೇಳಿದ. ಎಣ್ಣೆಯವನು ತನ್ನ ಮುಷ್ಟಿಯನ್ನು ಬೇರೆಯವರದೆಂಬಂತೆ ಒಂದು ಗಳಿಗೆ ನೋಡಿದ. ಇದು ನನ್ನದು ಎಂದು ಗೊಣಗಿದ. ಹಲ್ಲು ಕಚ್ಚಿ, ಬೆರಳು ಬಿಡಿಸಿ, ಬಟ್ಟೆಗೆ ಒತ್ತಿದ.

ಆಗ ಬಟ್ಟೆ ಮೇಲೆದ್ದಿತು.

ತುಸುವೇ, ನಾಲ್ಕು ಬೆರಳಿನಷ್ಟು. ಅಷ್ಟೂ ಅಂಗೈಗಳು ಒಟ್ಟಿಗೆ ಒತ್ತಿದ್ದಕ್ಕೆ ಅದು ಎದ್ದಿತ್ತು. ಪಡುವಣ ಕಟ್ಟೆಯ ಮೇಲೆ ಹಗ್ಗ ಸಡಿಲಗೊಂಡು, ಕಲ್ಲಿನಿಂದ ಶಾಲಿನ ಸಮೇತ ಜಾರಿ, ಹಿಡಿದವನ ಮಡಿಲಿಗೆ ಬಿತ್ತು. ಜನ ಕಣ್ಣು ಮುಚ್ಚಿ ಕಾದರು. ಏನೂ ಬೀಳಲಿಲ್ಲ. ಅಷ್ಟು ವರ್ಷಗಳಿಂದ ಆ ಬಟ್ಟೆಯನ್ನು, ಅದರ ಮೇಲಿನ ಬೂದಿಯನ್ನು ಹೊತ್ತು ನಿಂತದ್ದು ತಮ್ಮ ಬೆನ್ನುಗಳೇ ಎಂದು ಅವರಿಗೆ ಆಗ ತಿಳಿಯಿತು. ತಿಳಿದದ್ದಕ್ಕೆ ಯಾರೂ ಸಂತೋಷಪಡಲಿಲ್ಲ. ಒಂದಿಬ್ಬರು ಅತ್ತರು.

ಹಗ್ಗ ಯಾರಿಗೆ ಎಂದು ಸಾರುವವನು ಕೇಳಿದ. ಅದನ್ನು ಯಾರೂ ಯೋಚಿಸಿರಲಿಲ್ಲ. ಕೊನೆಗೆ ಎಲ್ಲರ ಕಣ್ಣು ಕುಂಬಾರತಿಯ ತೋಳಿನ ಮೇಲೆ ನಿಂತಿತು. ಅವಳು, ನನ್ನದು ಈಗತಾನೇ ಹೆಣ ಮುಟ್ಟಿದ ಕೈ ಎಂದು ಹಿಂಜರಿದಳು. ಅದರ ಬಗ್ಗೆ ಕಟ್ಟಳೆ ಏನೂ ಹೇಳುವುದಿಲ್ಲ ಎಂದ ಸಾರುವವನು. ಬಟ್ಟೆ ಮುಟ್ಟಿದ್ದ ಅಂಗೈಗಳು ಇನ್ನೂ ಬಟ್ಟೆಯ ಮೇಲೇ ಇದ್ದವು, ಅದನ್ನೇ ಒಪ್ಪಿಗೆಯೆಂದು ಎಣಿಸಿದ. ಪಡುವಣದವನು ಕಟ್ಟೆ ಇಳಿದ, ಕುಂಬಾರತಿ ಹತ್ತಿದಳು. ಅವಳು ಎಳೆದಳು. ಉಳಿದ ಮೂರು ಕಟ್ಟೆಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು, ತಮ್ಮ ತಮ್ಮ ಹಗ್ಗದಲ್ಲಿ ಕರಿದಾರವಿಲ್ಲ ಎಂದು ಖಾತ್ರಿ ಮಾಡಿಕೊಂಡು, ತಾವೂ ಎಳೆದರು. ಬಟ್ಟೆ ಏರಿತು. ಒಂದಾಳು ಎತ್ತರಕ್ಕೆ ಏರಿತು, ಎರಡಾಳು ಎತ್ತರಕ್ಕೆ ಏರಿತು.

ಮಗಳು ಮನೆಗೆ ಹೋಗಿ ತಾಯಿಯ ಬಾಯಿ ಮುಚ್ಚಿದಳು.

ಬೆಳಿಗ್ಗೆ ಚಟ್ಟ ಕಟ್ಟಿದರು. ಹಸಿ ಬಿದಿರು, ಹೊಸ ಹಗ್ಗ. ಆ ಊರಿನಲ್ಲಿ ಚಟ್ಟ ಕಟ್ಟುವುದು ಮರೆತುಹೋಗಿತ್ತು. ಸಾರುವವನು ಓಡುವ ದನಿಯಲ್ಲಿ ಹೇಳಿಕೊಟ್ಟ. ಎಣ್ಣೆಯವನು, ಮುದುಕ, ಇನ್ನಿಬ್ಬರು ಮುಂದೆ ಬಂದರು. ಮೇಲೆ ಬೇಕಾದಷ್ಟು ಜಾಗವಿತ್ತು. ಎತ್ತಿದರು.

ಚಟ್ಟ ನಿಲ್ಲಲಿಲ್ಲ. ಅವರು ನೆಟ್ಟಗಾಗಲು ನೋಡಿದರು, ಬೆನ್ನು ಏಳಲಿಲ್ಲ. ಮೇಲೆ ತಡೆಯುವುದೇನೂ ಇರಲಿಲ್ಲ. ಅವರ ಹೆಗಲುಗಳು ಮುಂದಕ್ಕೆ ಇಳಿಜಾರಾಗಿದ್ದವು, ಚಟ್ಟ ಕುತ್ತಿಗೆಯ ಮೇಲಿಂದ ಜಾರಿ ಜಾರಿ ಬರುತ್ತಿತ್ತು. ಒಮ್ಮೆ ತಾಯಿಯ ಕಾಲು ಹೊರಗೆ ಬಂತು. ಕೆಳಗಿಳಿಸಿದರು, ಮತ್ತೆ ಎತ್ತಿದರು. ಮುದುಕ ಉಸಿರು ಹತ್ತಿ ಕೂತುಬಿಟ್ಟ. ತಟ್ಟಿಯನ್ನೇ ತರೋಣವೇ ಎಂದು ಯಾರೋ ಹಿಂದಿನಿಂದ ಹೇಳಿದರು. ಮಗಳು ಕೇಳಿಸಿಕೊಂಡಳು.

ಆಗ ಅವಳ ಮಾವ ಬಂದ. ಶಾಲಿರಲಿಲ್ಲ. ಜನರ ನಡುವೆ ಅವನೊಬ್ಬನೇ ನೆಟ್ಟಗಿದ್ದ. ನೆಟ್ಟ ಗೂಟದಂತೆ ಎಲ್ಲರ ಕಣ್ಣಿಗೂ ಹೊಡೆಯುತ್ತಿದ್ದ. ಮಕ್ಕಳು ಅವನನ್ನು ನೋಡಲು ಕತ್ತು ಮೇಲೆತ್ತಹೋಗಿ ಸೋತರು. ಕೆಲವರು ದಾರಿ ಬಿಡಲಿಲ್ಲ. ಇಳಿದವನು ಮತ್ತೆ ಆ ಕಟ್ಟೆ ಹತ್ತುವಂತಿಲ್ಲ, ಆದರೆ ಅವನಿಗೂ ಮೇಲ್ಕಟ್ಟಿನಲ್ಲಿ ಒಂದು ಪಟ್ಟಿಯಿದೆ, ಸತ್ತವಳು ಅವನ ಅಕ್ಕ, ಹೆಗಲು ಕೊಡುವುದನ್ನು ಬೇಡವೆನ್ನಲಾಗದು ಎಂದು ಮಗಳು ದಾರಿ ಬಿಡಿಸಿದಳು.

ಮುದುಕ ಬಿಟ್ಟ ಜಾಗದಲ್ಲಿ ಅವನು ನಿಂತ. ಹೆಗಲು ಕೊಟ್ಟ. ಅವನ ಮೂಲೆ ಎಲ್ಲರ ತಲೆಗಿಂತ ಮೇಲಕ್ಕೆ ಹೋಯಿತು. ಚಟ್ಟ ವಾಲಿ, ತಾಯಿಯ ಮೈ ಎಣ್ಣೆಯವನ ಕಡೆಗೆ ಉರುಳಿತು. ಹೆಂಗಸರು ಕೈಯೊಡ್ಡಿ ತಡೆದರು. ಎಲ್ಲವೂ ನಿಂತಿತು. ಬೂದಿಯಿಲ್ಲದ ಬೆಳಕಿನಲ್ಲಿ, ಅಷ್ಟು ದೊಡ್ಡ ಜಾಗದಲ್ಲಿ, ಒಂದು ಹೆಣ ಓರೆಯಾಗಿ ನಿಂತಿತು.

ಮಾವ ಸೋದರಸೊಸೆಯ ಕಡೆ ತಿರುಗಿದ. ಅವನ ದನಿಯಲ್ಲಿ ಕಟ್ಟೆಯ ಮೇಲಿನ ಗತ್ತು ಇರಲಿಲ್ಲ, ಕೊಂಕೂ ಇರಲಿಲ್ಲ. ಗೊತ್ತಿಲ್ಲದವನು ಕೇಳುವಂತೆ ಕೇಳಿದ.

"ಎಷ್ಟು ಬಗ್ಗಬೇಕು?"

"ನಮ್ಮಷ್ಟು," ಎಂದಳು ಮಗಳು.

ಅವನಿಗೆ ಅದು ಸುಲಭವಾಗಿ ಬರಲಿಲ್ಲ. ಮೊದಲು ಕತ್ತು ಬಗ್ಗಿಸಿದ, ಸಾಲಲಿಲ್ಲ. ಮೊಣಕಾಲು ಮಡಚಿದ, ನಡೆಯಲಾಗಲಿಲ್ಲ. ಎಣ್ಣೆಯವನು ಬೆನ್ನಿನಿಂದ, ಬೆನ್ನಿನಿಂದ ಎಂದು ಗದರಿದ. ಕೊನೆಗೆ ಎಲುಬು ಲಟಕ್ಕೆಂದ ಸದ್ದು ಕೇಳಿತು, ಅವನ ಮೂಲೆ ನಿಧಾನವಾಗಿ ಇಳಿದು ಉಳಿದ ಮೂರರ ಸಮಕ್ಕೆ ಬಂದು ನಿಂತಿತು. ನಾಲ್ವರೂ ನೆಲ ನೋಡುತ್ತ ಹೊರಟರು.